ಸ್ವಲ್ಪ ಒರಟು

ಜನವರಿ ೮

ಗುಬ್ಬಿಗೆ,

ಅಳಿಯಂದಿರ ಕಾಗದ ಬಂತು. ಅಕ್ಷರ ಮುದ್ದಾಗಿದೆ, ಮಾತಂತೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಮೊದಲ ಪುಟದ ತುಂಬ ನನ್ನ ಆರೋಗ್ಯ, ನನ್ನ ಕಿವಿ, ಇಲ್ಲಿನ ಚಳಿ. ವಿಷಯ ಇದ್ದದ್ದು ಎರಡನೆಯ ಪುಟದ ತಳದಲ್ಲಿ. ಹೆರಿಗೆಗೆ ಅವರ ಅಕ್ಕ ಬರುತ್ತಾರಂತೆ, ಆದ್ದರಿಂದ ನಾನು ಅಷ್ಟು ದೂರ ಬರುವ ತೊಂದರೆ ತೆಗೆದುಕೊಳ್ಳುವುದು ಬೇಡವಂತೆ. ಯಾಕೆ ಅಂತ ನಾನು ಕೇಳುವ ಮೊದಲೇ ಉತ್ತರವನ್ನೂ ಬರೆದಿದ್ದಾರೆ. "ಅಮ್ಮ ಸ್ವಲ್ಪ ಒರಟು, ಕೂಸನ್ನು ಅವರ ಕೈಗೆ ಕೊಡಲು ಭಯ ಎನ್ನುತ್ತಾಳೆ. ದಯವಿಟ್ಟು ತಪ್ಪು ತಿಳಿಯಬೇಡಿ."

ತಪ್ಪು ತಿಳಿಯಲಿಲ್ಲ ಕಣೇ. ಸರಿಯಾಗಿ ಏನು ತಿಳಿಯಬೇಕು ಅನ್ನುವುದೇ ಹೊಳೆಯಲಿಲ್ಲ. ಊಟಕ್ಕೆ ಕೂತಾಗ ಮತ್ತೆ ಓದಿದೆ. ಆ ಮಾತಿನ ತಲೆಬುಡ ಹತ್ತಲಿಲ್ಲ.

ಒರಟು ಅಂದರೆ ಯಾವುದು? ಕೈಯಾದರೆ ಹೌದು, ಜೀವಮಾನವಿಡೀ ಉಪ್ಪುಕಾಗದ ಹಿಡಿದು ಕುರ್ಚಿ ಮೇಜು ಉಜ್ಜಿದ ಕೈ, ಅದಕ್ಕೇನಾದರೂ ಮಾಡಬಹುದು. ಬಾಯಾದರೆ ಮುಚ್ಚಿಕೊಂಡಿರಬಹುದು. ಕಿವಿ ಮಂದವಾದ ಮೇಲೆ ನನ್ನ ದನಿ ನನಗೇ ಕೇಳುವುದಿಲ್ಲ, ಅದಕ್ಕೇ ಕೂಗುತ್ತೇನೆ ಅಂತ ಎಲ್ಲರೂ ಹೇಳುತ್ತಾರೆ. ಇವೆರಡೂ ಅಲ್ಲದೆ ಬೇರೆ ಏನಾದರೂ ಆದರೆ ಅದು ಏನು ಅಂತ ನೀನೇ ಬಿಡಿಸಿ ಬರೆಯಬೇಕು. ಫೋನು ಮಾಡಬೇಡ. ಫೋನಿನಲ್ಲಿ ನೀನು ಏನೋ ಹೇಳುತ್ತೀಯ, ನಾನು ಏನೋ ಅಂದುಕೊಂಡು "ಹೂಂ" ಅನ್ನುತ್ತೇನೆ.

ಮಾರ್ಚಿ ಪೂರ್ತಿ ರಜೆ ಬೇಕು ಅಂತ ಮೇಸ್ತ್ರಿಯ ಹತ್ತಿರ ಆಗಲೇ ಕೇಳಿಯಾಗಿದೆ. ಪಾಲಿಶ್ ಕೋಣೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ, ಮೊಮ್ಮಗುವನ್ನು ಎತ್ತಿಕೊಳ್ಳಲು ಹೋಗುತ್ತೇನೆ ಅಂತ. ಈಗ ಬರಲೋ ಬೇಡವೋ? ಕೋಪ ಇಲ್ಲ. ನನಗೆ ಬರಬೇಕು ಅಂತ ಆಸೆ ಇದೆ, ಅಷ್ಟೇ.

ಅಮ್ಮ


ಜನವರಿ ೧೯

ಅಮ್ಮಾ,

ಅವರು ಹಾಗೆ ಬರೆದದ್ದು ನನಗೆ ಗೊತ್ತೇ ಇರಲಿಲ್ಲ. ಡಾಕ್ಟರು ಕೊಟ್ಟ ತಾರೀಕು ತಿಳಿಸಿಬಿಡಿ ಅಂದಿದ್ದೆ, ಇನ್ನೇನೂ ಹೇಳಿರಲಿಲ್ಲ. ನಿನ್ನ ಕಾಗದ ತಂದು ಅವರ ಮುಂದೆ ಹಿಡಿದೆ. ಓದಿ, ಕನ್ನಡಕ ಒರೆಸಿಕೊಂಡು, "ನೀನೇ ಹೇಳಿದ್ದಲ್ವಾ?" ಅಂದರು. ಜಗಳ ಆಡೋಣ ಅಂದರೆ ಅವರು ಹೇಳಿದ್ದು ನಿಜ.

ಆದದ್ದು ಇಷ್ಟು. ನಾದಿನಿ, ಅದೇ ಇವರ ಅಕ್ಕ, ಒಂದು ಭಾನುವಾರ ಮನೆಗೆ ಬಂದಿದ್ದರು. ಇಬ್ಬರೂ ಕೂತು ಕೂಸಿನ ಬಟ್ಟೆ ಮಡಿಸುತ್ತಿದ್ದೆವು. ನಿಮ್ಮಮ್ಮ ಬರುತ್ತಾರಲ್ಲವಾ ಅಂತ ಕೇಳಿದರು. ಬರುತ್ತಾರೆ ಅನ್ನುವುದಕ್ಕೆ ಬಾಯಿ ತೆರೆದೆ, ಆ ಮಾತು ಬಂತು. ನಾಲಿಗೆ ಜಾರಿತು ಅನ್ನೋಣ ಅಂದರೆ ಜಾರಿದ ಹಾಗೂ ಅನ್ನಿಸಲಿಲ್ಲ. ತುಂಬ ದಿನದಿಂದ ಬಾಯಲ್ಲೇ ಇದ್ದದ್ದು ಹೊರಗೆ ಬಂದ ಹಾಗಿತ್ತು. ನಾನೇ ಬೆಚ್ಚಿದೆ. ಇವರೂ ಅಲ್ಲೇ ಕೂತು ಕೇಳಿಸಿಕೊಂಡರು.

ಏನು ಅಂತ ಬಿಡಿಸಿ ಬರೆ ಅಂದಿದ್ದೀಯ. ಅದೇ ಆಗುತ್ತಿಲ್ಲ. ಅಂಗಡಿಯಲ್ಲಿ ಇದೇ ಮಾತು ಬೆಳಗಿಂದ ಸಂಜೆಯವರೆಗೆ ಕಿವಿಗೆ ಬೀಳುತ್ತದೆ. ಪರದೆ ಬಟ್ಟೆ ಕೊಳ್ಳಲು ಬಂದವರು ಎರಡು ಬೆರಳ ನಡುವೆ ಹಿಡಿದು, ಹಿಚುಕಿ, ಒರಟು ಅಂತ ಪಕ್ಕಕ್ಕೆ ತಳ್ಳುತ್ತಾರೆ. ಎರಡು ಒಗೆತಕ್ಕೆ ಮೆತ್ತಗಾಗುತ್ತದೆ ಅಂತ ನಾನು ಬಾಯಿಪಾಠ ಒಪ್ಪಿಸುತ್ತೇನೆ. ಬಟ್ಟೆಗೆ ಹೇಳುವಾಗ ಎಷ್ಟು ಸಲೀಸು. ನಿನಗೆ ಹೇಳುವಾಗ ಏನನ್ನು ಹಿಡಿದು ನೋಡಿ ಹೇಳಿದೆನೋ ತಿಳಿಯದು. ನೀನು ತಲೆ ಬಾಚುವಾಗ ಜಗ್ಗುತ್ತಿದ್ದೆ, ಅದು ಎಲ್ಲ ಅಮ್ಮಂದಿರೂ ಮಾಡುತ್ತಾರೆ. ಕೂಗುತ್ತಿದ್ದೆ, ನಾನೂ ಕೂಗುತ್ತೇನೆ. ಅದು ಯಾವುದೂ ಅಲ್ಲ. ಬಹುಶಃ ಅಲ್ಲ.

ರಜೆ ಬೇಡ ಅಂತ ಮೇಸ್ತ್ರಿಗೆ ಹೇಳಬೇಡ. ಬೇಕೇ ಬೇಕು ಅಂತಲೂ ಹೇಳಬೇಡ. ಹೀಗೆ ಬರೆಯುತ್ತಿರುವುದಕ್ಕೆ ನನಗೇ ನಾಚಿಕೆ ಆಗುತ್ತಿದೆ. ಬಸುರಿಯ ತಲೆ ಕೆಟ್ಟಿದೆ ಅಂದುಕೋ.

ನಿನ್ನ ಗುಬ್ಬಿ


ಫೆಬ್ರುವರಿ ೨

ಗುಬ್ಬಿಗೆ,

ನಿನಗೆ ತಿಳಿಯದಿದ್ದರೆ ಇನ್ನೊಬ್ಬರನ್ನು ಕೇಳೋಣ ಅಂತ ಇಲ್ಲೇ ವಿಚಾರಿಸಿದೆ. ಮೊದಲು ಸೋಡಾಗ್ಲಾಸನ್ನು ಕೇಳಿದೆ. ನೆನಪಿದ್ದಾನಲ್ಲ, ದಪ್ಪ ಕನ್ನಡಕದವನು, ನಾನು ಉಜ್ಜಿಕೊಟ್ಟದ್ದಕ್ಕೆ ಪಾಲಿಶ್ ಹೊಡೆಯುವವನು. ಇಷ್ಟು ವರ್ಷ ಪಕ್ಕದಲ್ಲೇ ಕೆಲಸ ಮಾಡಿದವನು. "ನಾನು ಒರಟಾ?" ಅಂದೆ. ಅವನು ಮೊದಲು ನನ್ನ ಕೈಯಲ್ಲಿ ಸುತ್ತಿಗೆ ಗಿತ್ತಿಗೆ ಏನಾದರೂ ಇದೆಯಾ ಅಂತ ನೋಡಿದ. ಆಮೇಲೆ ಮೇಸ್ತ್ರಿ ಕರೆದರು ಅಂತ ಎದ್ದುಹೋದ. ಮೇಸ್ತ್ರಿ ಆ ದಿನ ಬಂದೇ ಇರಲಿಲ್ಲ.

ನಮ್ಮ ಕೋಣೆಯಲ್ಲಿ ಆ ಮಾತಿಗೆ ಯಾರೂ ಮುಖ ಊದಿಸಿಕೊಳ್ಳುವುದಿಲ್ಲ. ಬಡಗಿ ಮೇಜು ತಂದಿಟ್ಟಾಗ ಒರಟಾಗಿದೆ ಅನ್ನುತ್ತೇವೆ, ಅಂದರೆ ಇನ್ನೂ ಕೆಲಸ ಬಾಕಿ ಇದೆ ಅಂತ. ಆ ಲೆಕ್ಕದಲ್ಲಿ ನನ್ನದೂ ಬಾಕಿ ಇರಬಹುದು ಅಂತ ಶುರುಮಾಡಿಕೊಂಡೆ. ಔಷಧಿ ಅಂಗಡಿಯವಳು ಒಂದು ಡಬ್ಬಿ ಮುಲಾಮು ಕೊಟ್ಟಳು. ಮಲಗುವಾಗ ಅದನ್ನು ಮೆತ್ತಿಕೊಂಡು, ಮೇಲೆ ಕಾಲುಚೀಲ ಹಾಕಿಕೊಳ್ಳುವುದು, ಕೈಗೆ. ಕನ್ನಡಿಯಲ್ಲಿ ನೋಡಿ ನನಗೇ ನಗು ಬಂತು. ಆದರೆ ಮೆತ್ತಗಾಗುತ್ತಿತ್ತು ಕಣೇ. ಅಂಗೈಯ ಸಿಪ್ಪೆ ಒಂದೊಂದೇ ಪದರ ಬಿಟ್ಟುಕೊಂಡು ಬರುತ್ತಿತ್ತು.

ಇಷ್ಟು ವರ್ಷದ ಕೆಲಸದವಳು, ಜಿಡ್ಡುಗೈಯಲ್ಲಿ ಪಾಲಿಶ್ ಆಗದ ಮರ ಮುಟ್ಟಬಾರದು ಅನ್ನುವುದು ನನಗೆ ಗೊತ್ತಿರಬೇಕಿತ್ತು. ಬೆಳಗ್ಗೆ ಸೋಪು ಹಚ್ಚಿ ತೊಳೆದೇ ಹೋಗುತ್ತಿದ್ದೆ. ತೊಳೆದರೂ ಹೋಗಿರಲಿಲ್ಲ. ಒಂದು ದೊಡ್ಡ ಊಟದ ಮೇಜು ಉಜ್ಜಿ ಕೊಟ್ಟೆ, ಸೋಡಾಗ್ಲಾಸ್ ಪಾಲಿಶ್ ಹೊಡೆದ. ಒಣಗುತ್ತ ಬಂದ ಹಾಗೆ ಮೇಜಿನ ತುಂಬ ಕೈಗಳು ಎದ್ದವು. ಅಂಗೈ, ಬೆರಳು, ಹೆಬ್ಬೆರಳು, ಎಲ್ಲ ಅಚ್ಚೊತ್ತಿದ ಹಾಗೆ. ಜಿಡ್ಡು ಇದ್ದಲ್ಲಿ ಪಾಲಿಶ್ ಹಿಡಿದಿರಲಿಲ್ಲ. ಯಾರ ಕೈ ಇದು ಅಂತ ಮೇಸ್ತ್ರಿ ಕೇಳಿದರು. ಅಷ್ಟು ಅಗಲದ ಕೈ ಆ ಕೋಣೆಯಲ್ಲಿ ಇನ್ಯಾರಿಗಿದೆ, ಎಲ್ಲರೂ ನನ್ನನ್ನು ನೋಡಿದರು. ಯಾಕೆ ಹೀಗಾಯಿತು ಅಂತ ಕೇಳಿದ್ದಕ್ಕೆ ನಾನು ಬಾಯಿಬಿಡಲಿಲ್ಲ. ಮಗಳ ವಿಷಯ ಅಲ್ಲಿ ಯಾಕೆ.

ಸದ್ಯಕ್ಕೆ ನನ್ನನ್ನು ಕಟ್ಟು ಕಟ್ಟುವ ಕೋಣೆಗೆ ಹಾಕಿದ್ದಾರೆ. ರಟ್ಟು, ಹಗ್ಗ, ಹಳೆಯ ಪೇಪರು. ಮರದ ವಾಸನೆ ಅಲ್ಲಿಗೆ ಬರುವುದಿಲ್ಲ. ಮುಲಾಮು ಮಾತ್ರ ಬಿಟ್ಟಿಲ್ಲ. ಮಾರ್ಚಿಯ ಹೊತ್ತಿಗೆ ಕೂಸಿಗೆ ಚುಚ್ಚದಷ್ಟು ಆಗುತ್ತದೆ.

ಅಮ್ಮ


ಫೆಬ್ರುವರಿ ೧೨

ಅಮ್ಮಾ,

ಕೈ ಅಲ್ಲ ಅಮ್ಮಾ. ಯಾಕೆ ಹೀಗೆ ಮಾಡಿಕೊಂಡೆ? ಆ ಮುಲಾಮು ಇವತ್ತೇ ಎಸೆದುಬಿಡು. ಮೇಸ್ತ್ರಿಗೆ ನಿಜ ಹೇಳಿ ನಿನ್ನ ಕೆಲಸ ವಾಪಸು ಕೇಳು. ನಿನ್ನ ಕಾಗದ ಓದಿದಾಗಿನಿಂದ ಅಂಗಡಿಯಲ್ಲಿ ಅಳತೆ ತಪ್ಪುತ್ತಿದ್ದೇನೆ.

ಸರಿ, ಬರೆಯುತ್ತೇನೆ. ಬರೆದದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ, ಕೇಳು.

ನೀನು ನನ್ನನ್ನು ಯಾವತ್ತೂ ಅಂಗೈಯಲ್ಲಿ ಮುಟ್ಟಲಿಲ್ಲ. ಜ್ವರ ಬಂದರೆ ಕೈ ತಿರುಗಿಸಿ, ಹಿಂಬದಿಯಲ್ಲಿ ಹಣೆಗೆ ಒಂದು ಸಲ ತಾಕಿಸಿ, ಎದ್ದು ಹೋಗುತ್ತಿದ್ದೆ. ಶಾಲೆಯಲ್ಲಿ ಬಹುಮಾನ ಬಂದ ದಿನ ಓಡಿಬಂದು ತಬ್ಬಿಕೊಂಡಾಗಲೂ ಕೈಯ ಹಿಂಬದಿಯಿಂದಲೇ ಕೆನ್ನೆ ಸವರಿದೆ. ನನ್ನ ಗೆಳತಿಯ ಅಮ್ಮ ಅವಳ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಮಾತಾಡುತ್ತಿದ್ದರು. ಅದನ್ನು ನೋಡುತ್ತ ನಿಂತಿರುತ್ತಿದ್ದೆ. ಹಾಗೆ ಕೈ ತಿರುಗಿಸುವುದು ಯಾವಾಗ ಅಂತ ನಿನಗೇ ಗೊತ್ತು, ಬೇಡದ್ದನ್ನು ಪಕ್ಕಕ್ಕೆ ಸರಿಸುವಾಗ. ನೀನು ನನ್ನನ್ನು ಯಾವಾಗಲೂ ಅರ್ಧ ಸರಿಸುತ್ತಿದ್ದೀಯ ಅಂತ ಅನ್ನಿಸುತ್ತಿತ್ತು. ಬೈದದ್ದೆಲ್ಲ ಮರೆತುಹೋಗಿದೆ. ಇದು ಹೋಗಿಲ್ಲ.

ಇದಕ್ಕೆ ಒರಟು ಅನ್ನಬಹುದಾ? ಗೊತ್ತಿಲ್ಲ. ನೀನು ನೋಯಿಸಲಿಲ್ಲ, ಹೊಡೆಯಲಿಲ್ಲ, ಎಷ್ಟು ಹಗುರಾಗಿ ತಾಕಿಸುತ್ತಿದ್ದೆ ಅಂದರೆ ತಾಕಿದ್ದೇ ತಿಳಿಯುತ್ತಿರಲಿಲ್ಲ. ಅಷ್ಟು ಹಗುರಾದದ್ದಕ್ಕೆ ಈ ಮಾತು ಹೇಗೆ ಬಂತೋ. ಬೇರೆ ಮಾತು ಹುಡುಕಿದೆ, ಸಿಗಲಿಲ್ಲ.

ಬರೆದ ಮೇಲೆ ಹಗುರ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಅಂಚೆಗೆ ಹಾಕಲೋ ಬೇಡವೋ ಅಂತ ನೋಡುತ್ತ ಕೂತಿದ್ದೇನೆ.

ಗುಬ್ಬಿ


ಮಾರ್ಚ್ ೧

ಅಮ್ಮಾ,

ನಿನ್ನಿಂದ ಉತ್ತರ ಇಲ್ಲ. ಕಾಗದ ತಲುಪಿಲ್ಲವೋ, ತಲುಪಿ ಹೀಗಾಯಿತೋ? ಪಕ್ಕದ ಮನೆಯವರಿಗೆ ಫೋನು ಮಾಡಿದ್ದೆ. ದಿನಾ ಕೆಲಸಕ್ಕೆ ಹೋಗುತ್ತಾರೆ, ಚೆನ್ನಾಗಿದ್ದಾರೆ ಅಂದರು. ಹಾಗಾದರೆ ಬರೆಯಬಾರದಾ?

ನಾದಿನಿ ಬಂದಿದ್ದಾರೆ. ತುಂಬ ಮೆತ್ತನೆಯ ಹೆಂಗಸು. ಮೆತ್ತಗೆ ಮಾತಾಡುತ್ತಾರೆ, ಮೆತ್ತಗೆ ನಡೆಯುತ್ತಾರೆ, ಅಷ್ಟೇ ಮೆತ್ತಗೆ ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬೇರೆ ಕಡೆ ಇಟ್ಟಿದ್ದಾರೆ. ಇದ್ಯಾಕೆ ಹೀಗೆ ಅಂತ ಕೇಳಲು ಹೋದರೆ ನನ್ನ ಕೆನ್ನೆ ಹಿಡಿದು, "ನೀನು ಸುಮ್ನೆ ಮಲ್ಕೋ ಕಂದ" ಅನ್ನುತ್ತಾರೆ. ಅಂಗೈಯಲ್ಲೇ ಹಿಡಿಯುತ್ತಾರೆ. ನಾನು ಆಸೆಪಟ್ಟದ್ದು ಇದನ್ನೇ. ಆದರೆ ಆಗ ನನಗೆ ಕೈ ಕೊಡವಿಕೊಂಡು ಎದ್ದುಹೋಗಬೇಕು ಅನ್ನಿಸುತ್ತದೆ. ನನ್ನಲ್ಲೇ ಏನೋ ಐಬು ಇರಬೇಕು.

ಕಾಲು ಊದಿದೆ. ತಾರೀಕಿಗಿಂತ ಮೊದಲೇ ಆದರೂ ಆಗಬಹುದು ಅಂತ ಡಾಕ್ಟರು ಹೇಳಿದರು. ಭಯ ಆಗುತ್ತಿದೆ. ಬೈದಾದರೂ ಬರೆ.

ಗುಬ್ಬಿ


ಮಾರ್ಚ್ ೯

ಗುಬ್ಬಿಗೆ,

ಬರೆದು ಬರೆದು ಹರಿದೆ. ಒಂದು ಸಲ ಬೈದು ಬರೆದೆ, ಒಂದು ಸಲ ಕ್ಷಮಿಸು ಅಂತ ಬರೆದೆ. ಎರಡೂ ನನ್ನದಲ್ಲ ಅನ್ನಿಸಿತು.

ನಿನಗೆ ಗೊತ್ತಿದೆ ಅಂದುಕೊಂಡಿದ್ದೆ ಕಣೇ. ಪಾಲಿಶ್ ಕೋಣೆಯವರ ಮಕ್ಕಳಿಗೆಲ್ಲ ಇದು ಗೊತ್ತಿರುತ್ತದೆ ಅಂದುಕೊಂಡಿದ್ದೆ. ಗೊತ್ತಿರುವುದನ್ನು ಯಾರು ಹೇಳುತ್ತಾರೆ, ಅದಕ್ಕೇ ಹೇಳಲಿಲ್ಲ.

ಉಪ್ಪುಕಾಗದ ಮೊದಲು ತಿನ್ನುವುದು ಹಿಡಿದವರ ಕೈಯನ್ನೇ. ಮೊದಮೊದಲು ರಕ್ತ ಬರುತ್ತದೆ, ಆಮೇಲೆ ಗಟ್ಟಿಯಾಗುತ್ತದೆ, ಕೊನೆಗೆ ಅಂಗೈಗೆ ಏನೂ ತಿಳಿಯುವುದಿಲ್ಲ. ಬಿಸಿಯಿಲ್ಲ, ತಣ್ಣಗಿಲ್ಲ, ನುಣುಪಿಲ್ಲ. ಅದಕ್ಕೇ ಮರ ಹದಕ್ಕೆ ಬಂತಾ ಅಂತ ನಾವು ಯಾರೂ ಅಂಗೈಯಲ್ಲಿ ನೋಡುವುದಿಲ್ಲ. ಕೈ ತಿರುಗಿಸಿ ಮಣಿಕಟ್ಟಿನ ಹತ್ತಿರ ಸವರಿ ನೋಡುತ್ತೇವೆ. ಸೋಡಾಗ್ಲಾಸ್ ಕೆನ್ನೆ ಇಟ್ಟು ನೋಡುತ್ತಾನೆ, ಹೊಸಬರು ಅವನು ಮೇಜಿಗೆ ಮುದ್ದು ಕೊಡುತ್ತಾನೆ ಅಂತ ನಗುತ್ತಾರೆ.

ನಿನ್ನ ಅಪ್ಪ ತೀರಿಕೊಂಡಾಗ ನೀನು ಇನ್ನೂ ತೊಟ್ಟಿಲಲ್ಲಿದ್ದೆ. ನಾನು ಆಗಲೇ ಈ ಕೆಲಸಕ್ಕೆ ಸೇರಿದ್ದು. ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಕೈ ಹೋಗಿತ್ತು. ಒಂದು ಸಂಜೆ ಬಂದು ನಿನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟೆ. ನೀನು ಅಲ್ಲಿ ಇದ್ದೀಯ ಅಂತ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಏನೂ ತಿಳಿಯಲಿಲ್ಲ. ಒಂದು ಗಂಟು ಮುಟ್ಟಿದ ಹಾಗಿತ್ತು. ಕೈ ಚುಚ್ಚಿ ನೀನು ಅತ್ತೆ, ನಾನು ಬೇರೆ ಕಾರಣಕ್ಕೆ ಅತ್ತೆ. ಆಮೇಲೆ ಕೈ ತಿರುಗಿಸಿ ಮುಟ್ಟಿದೆ. ನೀನು ಸಿಕ್ಕಿದೆ. ಬಿಸಿ, ಉಸಿರು, ಆ ಸಣ್ಣ ಕೂದಲು, ಎಲ್ಲ. ಅವತ್ತಿನಿಂದ ಹಾಗೇ ಮುಟ್ಟಿದ್ದು. ಸರಿಸುವುದಕ್ಕಲ್ಲ ಗುಬ್ಬಿ. ನನ್ನ ಕೈಯಲ್ಲಿ ನೀನು ಸಿಗುತ್ತಿದ್ದ ಜಾಗ ಅದೊಂದೇ.

ಇಷ್ಟು ಬರೆದು ಓದಿದಾಗ, ಇದನ್ನು ಓದಿ ನೀನು ಅತ್ತು ಎಲ್ಲವನ್ನೂ ಮನ್ನಿಸಿಬಿಡುತ್ತೀಯ ಅಂತ ಕಂಡಿತು. ಅದಕ್ಕೆ ಇದನ್ನೂ ಬರೆಯುತ್ತೇನೆ. ತಲೆ ಬಾಚುವಾಗ ಜಗ್ಗಿದ್ದಕ್ಕೂ ಪಾತ್ರೆ ಕುಕ್ಕಿದ್ದಕ್ಕೂ ಕೈ ಕಾರಣ ಅಲ್ಲ, ಅದು ನಾನೇ. ಈಗ ಅದೇ ಗಲಿಬಿಲಿ. ಎಷ್ಟು ಕೈಯದು, ಎಷ್ಟು ನನ್ನದು ಅಂತ ಬೇರೆ ಮಾಡಲು ಹೋದರೆ ನನಗೇ ಬರುತ್ತಿಲ್ಲ. ನೀನು ಅಂದದ್ದು ಸರಿಯೇ ಇರಬಹುದು.

ರಜೆ ಸದ್ಯಕ್ಕೆ ಬೇಡ ಅಂದಿದ್ದೇನೆ. ನಿನ್ನ ನಾದಿನಿ ಇದ್ದಾರೆ, ಕೆಲಸ ಗೊತ್ತಿದ್ದವರು. ನೀನು ಬಾ ಅಂದರೆ ಬರುತ್ತೇನೆ. ಪಾಪ ಅಂತ ಕರೆಯಬೇಡ. ಕೂಸನ್ನು ನನ್ನ ಕೈಗೆ ಕೊಡಲು ನಿನಗೆ ಧೈರ್ಯ ಬಂದರೆ ಕರೆ.

ಅಮ್ಮ


ಮಾರ್ಚ್ ೧೮

ಪೂಜ್ಯ ಅತ್ತೆಯವರಿಗೆ,

ಹೆಣ್ಣುಮಗು ಹುಟ್ಟಿದೆ. ತಾಯಿ ಮಗು ಇಬ್ಬರೂ ಆರೋಗ್ಯವಾಗಿದ್ದಾರೆ, ಮೊನ್ನೆ ಮನೆಗೆ ಬಂದೆವು. ನಿಮ್ಮ ಪಕ್ಕದ ಮನೆಯವರಿಗೆ ಫೋನಿನಲ್ಲಿ ತಿಳಿಸಿದ್ದೆ, ಅವರು ಹೇಳಿರಬಹುದು.

ಇನ್ನೊಂದು ವಿಷಯ ಹೇಗೆ ಬರೆಯಲಿ ಅಂತ ತಿಳಿಯುತ್ತಿಲ್ಲ. ಇವಳು ಮಗುವನ್ನು ಎತ್ತಿಕೊಳ್ಳುತ್ತಿಲ್ಲ. ಹಾಲಿಗೆ ಅಕ್ಕ ತಂದು ಮಡಿಲಲ್ಲಿಟ್ಟರೆ ಕುಡಿಸುತ್ತಾಳೆ, ಆಗಲೂ ಕೈ ಎಲ್ಲಿಡಬೇಕು ಅಂತ ತಿಳಿಯದವಳ ಹಾಗೆ ಪಕ್ಕಕ್ಕೆ ಇಟ್ಟುಕೊಂಡಿರುತ್ತಾಳೆ. ಆಮೇಲೆ ತೊಟ್ಟಿಲ ಪಕ್ಕ ಕೂತು ನೋಡುತ್ತಾಳೆ. ಕೇಳಿದರೆ ಏನೂ ಇಲ್ಲ ಅನ್ನುತ್ತಾಳೆ. ಹೆರಿಗೆಯ ನಂತರ ಕೆಲವರಿಗೆ ಹೀಗಾಗುತ್ತದೆ, ಬೇಗ ಕರೆದುಕೊಂಡು ಬನ್ನಿ ಅಂದಿದ್ದಾರೆ ಡಾಕ್ಟರು, ನಾಳೆ ಹೋಗುತ್ತೇವೆ. ಅಕ್ಕ ಎಲ್ಲವನ್ನೂ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಅದೇ ತೊಂದರೆಯೋ ಏನೋ, ಇವಳಿಗೆ ಮಾಡಲು ಏನೂ ಉಳಿದಿಲ್ಲ.

ನನ್ನ ಹಿಂದಿನ ಕಾಗದದ ಬಗ್ಗೆಯೂ ಹೇಳಬೇಕು. ಅವಳು ಅಂದದ್ದು "ತುಂಬ ಒರಟು" ಅಂತ. "ಸ್ವಲ್ಪ" ಅನ್ನುವುದು ನಾನು ಸೇರಿಸಿದ್ದು. ನಿಮಗೆ ಬೇಜಾರಾಗಬಾರದು ಅಂತ ಹಾಗೆ ಮಾಡಿದೆ. ಈಗ ನೋಡಿದರೆ ಆ ಕಾಗದವನ್ನು ಬರೆಯಲೇಬಾರದಿತ್ತು. ನೀವು ಬನ್ನಿ ಅಂತ ಕರೆಯುವ ಮುಖ ನನಗಿಲ್ಲ, ಅವಳೇ ಬರೆಯಲಿ ಅಂತ ಕಾಯುತ್ತಿದ್ದೇನೆ.

ನಿಮ್ಮ ಅಳಿಯ


ಮಾರ್ಚ್ ೨೬

ಅಮ್ಮಾ,

ಇವರು ನಿನಗೆ ಏನು ಬರೆದಿದ್ದಾರೆ ಅಂತ ಈ ಸಲ ಕೇಳಿ ತಿಳಿದುಕೊಂಡೆ. ಎಲ್ಲ ನಿಜ. ತುಂಬ ಅಂದದ್ದೂ ನಿಜ. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ವಾರಕ್ಕೊಮ್ಮೆ ಬಂದು ಮಾತಾಡು ಅಂದಿದ್ದಾರೆ. ಹೋಗುತ್ತಿದ್ದೇನೆ.

ನಿನ್ನ ಕಾಗದ ಹೆರಿಗೆಗೆ ಮೊದಲೇ ಬಂದಿತ್ತು. ಓದಿ ಅತ್ತೆ, ನೀನು ಹೇಳಿದ ಹಾಗೇ. ಆದರೆ ಎಲ್ಲವನ್ನೂ ಮನ್ನಿಸಲು ಆಗಲಿಲ್ಲ. ಎಲ್ಲ ತಿಳಿಯಿತು ಅಂತ ಬುದ್ಧಿ ಹೇಳುತ್ತದೆ, ನನ್ನೊಳಗಿನ ಆ ಚಿಕ್ಕ ಹುಡುಗಿ ಮಾತ್ರ ಇನ್ನೂ ಕೆನ್ನೆ ಮುಂದೆ ಮಾಡಿಕೊಂಡು ನಿಂತಿದ್ದಾಳೆ. ಅವಳಿಗೆ ಯಾರು ಹೋಗಿ ಹೇಳುತ್ತಾರೆ?

ನಿನ್ನೆ ಮಧ್ಯಾಹ್ನ ನಾದಿನಿ ಸ್ನಾನಕ್ಕೆ ಹೋಗಿದ್ದಾಗ ಕೂಸು ಎದ್ದು ಅಳಲು ಶುರುಮಾಡಿತು. ಕೋಣೆಯಲ್ಲಿ ನಾನೊಬ್ಬಳೇ. ಮೊದಲು ಅಂಗೈ ಇಟ್ಟೆ. ನನ್ನ ಅಂಗೈ ಮೆತ್ತಗಿದೆ, ಬಟ್ಟೆ ಮುಟ್ಟುವ ಕೈ, ಅದಕ್ಕೆ ಎಲ್ಲ ತಿಳಿಯುತ್ತದೆ. ಅವಳ ಬಿಸಿ ತಿಳಿಯಿತು, ಹೊಟ್ಟೆ ಏರಿಳಿಯುವುದು ತಿಳಿಯಿತು. ಆದರೂ ಯಾರದ್ದೋ ಮಗುವನ್ನು ಮುಟ್ಟಿದ ಹಾಗಿತ್ತು ಅಮ್ಮಾ. ನೀನು ಬರೆದದ್ದು ನೆನಪಾಗಿ ಕೈ ತಿರುಗಿಸಿದೆ. ಹಿಂಬದಿಯಿಂದ ಅವಳ ಕೆನ್ನೆ ಸವರಿದೆ. ಅವಳು ಮುಖ ಆ ಕಡೆ ತಿರುಗಿಸಿಕೊಂಡಳು. ನಾನು ಹೆದರಿ ಕೈ ತೆಗೆದೆ. ನಾನೂ ನಿನ್ನ ಕೈಗೆ ಹೀಗೇ ಮುಖ ತಿರುಗಿಸುತ್ತಿದ್ದೆನೋ, ಆಗ ನಿನಗೆ ಏನಾಗುತ್ತಿತ್ತೋ. ಅದನ್ನು ಮಾತ್ರ ನೀನು ಬರೆದಿಲ್ಲ.

ಅವಳು ಅಳುತ್ತಲೇ ಇದ್ದಳು. ನಾದಿನಿ ತಲೆ ಒರೆಸಿಕೊಳ್ಳುತ್ತ ಓಡಿಬಂದು ಎತ್ತಿಕೊಂಡರು, ತಕ್ಷಣ ಸುಮ್ಮನಾದಳು. ನನಗೆ ಹೊಟ್ಟೆ ಉರಿಯಲಿಲ್ಲ. ಉರಿದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ನಾನು ಅಂದ ಮಾತನ್ನು ವಾಪಸು ತೆಗೆದುಕೊಳ್ಳುತ್ತಿಲ್ಲ. ಅದು ಸರಿಯಾದ ಮಾತೋ ಅಲ್ಲವೋ ಈಗಲೂ ಗೊತ್ತಿಲ್ಲ, ಆದರೆ ಬೇರೆ ಸಿಕ್ಕಿಲ್ಲ. ಧೈರ್ಯ ಬಂದರೆ ಕರೆ ಅಂತ ನೀನು ಬರೆದಿದ್ದೆ. ಧೈರ್ಯ ಬಂದಿಲ್ಲ. ಆದರೂ ಕರೆಯುತ್ತಿದ್ದೇನೆ. ರಜೆ ಕೊಡದಿದ್ದರೆ ಹೇಳದೆ ಹೊರಟು ಬಾ. ನಾನು ನಿನ್ನ ಮೇಲೆ ಮುನಿಸಿಕೊಂಡರೂ ವಾಪಸು ಹೋಗಬೇಡ.

ಬಂದವಳೇ ನನ್ನನ್ನು ಸಮಾಧಾನ ಮಾಡುತ್ತ ಕೂರಬೇಡ. ಮೊದಲು ಅವಳನ್ನು ಎತ್ತಿಕೋ, ಕೈ ಹೇಗೆ ತಿರುಗಿಸಬೇಕೋ ಹಾಗೆ ತಿರುಗಿಸಿ ನೋಡು. ಆಮೇಲೆ ನನ್ನ ಮಗಳು ಹೇಗಿದ್ದಾಳೆ ಅಂತ ನನಗೆ ಹೇಳು. ನನಗೆ ಅವಳು ಇನ್ನೂ ಸಿಕ್ಕಿಲ್ಲ.

ಗುಬ್ಬಿ